ಮುಚ್ಚಳದ ಲೆಕ್ಕ

ವ್ಯಾನು ನಿಲ್ಲುವ ಮೊದಲೇ ಕೆಳಗೆ ಹಾರಿದ ಐಸ್‌ಕ್ರೀಮ್ ಕಂಪನಿಯ ಕೊಟ್ರೇಶ, ಪೋತ್ನಾಳ ಬಸ್‌ಸ್ಟ್ಯಾಂಡಿನೆದುರು ಹಸೀನಾ ಬೇಗಂ ಅವರ ಅಂಗಡಿಗೆ ನುಗ್ಗಿ, ಫ್ರೀಜರನ್ನು ಈಗಿಂದೀಗಲೇ ರಾಯಚೂರಿಗೆ ಹೊತ್ತೊಯ್ಯುವುದಾಗಿ ಸಾರಿಬಿಟ್ಟ. ಮೇ ತಿಂಗಳ ನಡುಮಧ್ಯಾಹ್ನ. ಒಣಹಾಕಿದ ಭತ್ತ ತಾನಾಗಿಯೇ ಅರಳಾಗಿ ಸಿಡಿಯುತ್ತಿತ್ತು. ಊರವರು ಸಕ್ಕರೆ ಹಾಕಿಕೊಂಡು ತಿಂದದ್ದೇ ಅದಕ್ಕೆ ಸಾಕ್ಷಿ. ಮಾನ್ವಿಯಿಂದ ಬಂದ ಬಸ್ಸಿನ ನೆರಳು ಕೂಡ ಕೆಳಗಿಳಿಯಲು ಒಪ್ಪದೆ ಸೀಟಿನ ಮೇಲೇ ಕುಳಿತಿತ್ತು.

ಕಳ್ಳತನ ಹಿಡಿದದ್ದು ಮನುಷ್ಯನಲ್ಲ, ಫ್ರೀಜರಿನೊಳಗಿನ ಕಡಲೆಬೇಳೆಯಷ್ಟು ಚಿಪ್. ಮೋಟರ್ ಎಷ್ಟು ತಾಸು ಓಡಿತು, ಮುಚ್ಚಳ ಎಷ್ಟು ಸಲ ತೆರೆಯಿತು, ಎಲ್ಲವನ್ನೂ ಎಣಿಸಿ ರಾಯಚೂರಿನ ಆಫೀಸಿಗೆ ಕಳಿಸುವುದೇ ಅದರ ಕಸುಬು. ಅದಕ್ಕೆ ನಿದ್ದೆಯಿಲ್ಲ, ಚಹಾಕ್ಕೆಂದು ಎದ್ದು ಹೋಗುವ ಚಾಳಿಯೂ ಇಲ್ಲ. ನಿನ್ನೆ ಒಂದೇ ದಿನ ಮುಚ್ಚಳ ತೆರೆದದ್ದು ಆರುನೂರು ಸಲ, ಮೋಟರ್ ಒಂದು ನಿಮಿಷವೂ ಸುಮ್ಮನೆ ಕೂತಿಲ್ಲ, ಮಾರಾಟವಾದದ್ದು ಮಾತ್ರ ನಾಲ್ಕು ಕಪ್. ಕಂಪನಿ ಪುಕ್ಕಟೆ ಕೊಟ್ಟ ಫ್ರೀಜರಿನಲ್ಲಿ ಬೇರೆಯವರ ಮಾಲು ಇಡುವಂತಿಲ್ಲ; ಇಲ್ಲಿ ಅದೇ ನಡೆದಿದೆಯೆಂಬುದು ಆಫೀಸಿನ ಗುಮಾನಿ.

"ಆರುನೂರು ಸಲ ತೆರದು ಏನ್ ತಗದ್ರಿ ಬೇಗಂ ಅವ್ರ? ಬ್ಯಾರೆ ಕಂಪನಿ ಮಾಲು ಎಲ್ಲೈತಿ, ತೋರಸ್ರಿ."

"ಏನೂ ತಗದಿಲ್ಲ ಸಾಹೇಬ್ರ. ಇಟ್ಟಾರ."

"ಏನಿಟ್ಟಾರ?"

"ಮಾರಿ."

ಬಸ್ಸಿನಿಂದ ಇಳಿದವರೆಲ್ಲ ನೆಟ್ಟಗೆ ಬಂದು, ಮುಚ್ಚಳ ಎತ್ತಿ, ಮುಖವನ್ನು ಒಳಗಿಟ್ಟು, ನಾಲ್ಕು ಉಸಿರು ತಂಪು ಕುಡಿದು ಹೋಗುತ್ತಾರೆಂದು ಆಕೆ ವಿವರಿಸಿದರು. ಕಂಡಕ್ಟರು ಬರುತ್ತಾರೆ, ಮಾಸ್ತರರು ಬರುತ್ತಾರೆ. ಮೊನ್ನೆ ಒಬ್ಬ ಅಜ್ಜ ತನ್ನ ಎತ್ತನ್ನೂ ಕರೆತಂದಿದ್ದ. ಕೊಂಬು ಒಳಗೆ ಹಿಡಿಸಲಿಲ್ಲವೆಂದು ಬರೀ ಮೂಗು ಇಡಿಸಿ ಕಳಿಸಬೇಕಾಯಿತು. ಹಾಗೆ ಬಂದವರೇ ಹೋಗುವಾಗ ಬನ್ನು, ಬಿಸ್ಕತ್ತು ಕೊಳ್ಳುತ್ತಾರೆ. ಫ್ರೀಜರು ಹೋದರೆ ಅವರೂ ಹೋದರು, ಅಂಗಡಿಯೂ ಹೋಯಿತು.

"ಮತ್ತ ಮಾರಿ ಇಟ್ಟದ್ದಕ್ಕ ರೊಕ್ಕ?"

"ಕುಡಿಯೋ ನೀರಿಗಿ ರೊಕ್ಕ ಕೇಳಂಗಿಲ್ಲ ನಾವು. ಥಂಡಿ ಗಾಳಿಗಿ ಹ್ಯಾಂಗ ಕೇಳ್ಲಿ?"

ಇಂಥ ಕತೆಯನ್ನು ಆಫೀಸಿನಲ್ಲಿ ಹೇಳಿದರೆ ತನ್ನ ನೌಕರಿಯನ್ನೂ ಇದೇ ವ್ಯಾನಿನಲ್ಲಿ ಹೇರುತ್ತಾರೆ ಎಂದ ಕೊಟ್ರೇಶ, ಹಗ್ಗ ತರಲು ಡ್ರೈವರ್ ಜಿಲಾನಿ ಪಾಷಾನಿಗೆ ಹೇಳಿದ. ಅಷ್ಟರಲ್ಲಿ ಕಳ್ಳಮಾಲು ಹುಡುಕಿಬಿಡೋಣವೆಂದು ಮುಚ್ಚಳ ಎತ್ತಿ ತಲೆ ಒಳಗಿಟ್ಟ.

ತಲೆ ಹೊರಗೆ ಬರಲಿಲ್ಲ. ಎಡಮೂಲೆ ಹುಡುಕಿದ. ಬಲಮೂಲೆ ಹುಡುಕಿದ. ಎಡಮೂಲೆಯನ್ನು ಸರಿಯಾಗಿ ನೋಡಲಿಲ್ಲವೇನೋ ಎಂಬ ಸಂಶಯ ಬಂದು ಮತ್ತೆ ಅತ್ತ ಹೊರಳಿದ. ಅತ್ತ ರಾಯಚೂರಿಗೆ ಚಿಪ್ಪಿನ ದೂರು ಹೋಗಿ ಮುಟ್ಟಿ, ಇತ್ತ ಅವನ ಜೇಬಿನ ಫೋನು ಕುಣಿಯತೊಡಗಿತು. ಅದನ್ನೂ ಒಳಗೆಳೆದು ಕಿವಿಗಿಟ್ಟುಕೊಂಡ. ಪೋತ್ನಾಳದ ಮುಚ್ಚಳ ಹತ್ತು ನಿಮಿಷದಿಂದ ಬಾಯಿ ತೆರೆದೇ ಇದೆಯಲ್ಲ, ಅಲ್ಲಿ ನಡೆದಿರುವುದೇನು ಎಂದು ಮ್ಯಾನೇಜರು ಗುಡುಗಿದ್ದು ಫ್ರೀಜರಿನ ಆಚೆಗೂ ಕೇಳಿಸಿತು.

ಕೊಟ್ರೇಶ ತಲೆ ಎತ್ತಲಿಲ್ಲ. ಬಾವಿಯ ತಳದಿಂದ ಬಂದಂತೆ ಅವನ ದನಿ ಬಂತು: "ಗಿರಾಕಿ ಮುಗಿಬಿದ್ದಾರ್ರೀ ಸರ್, ಮುಚ್ಚಾಕ ಪುರುಸೊತ್ತಿಲ್ಲ. ಇಲ್ಲಿಗಿ ಇನ್ನೊಂದು ಫ್ರೀಜರ್ ಕಳಸ್ರಿ."

ಅವನ ಬೆನ್ನ ಹಿಂದೆ ಜಿಲಾನಿ ಪಾಷಾ ಹಗ್ಗವನ್ನು ನೆಲಕ್ಕೆ ಬಿಸಾಡಿ, ಅಂಗಿಯ ಮೇಲಿನೆರಡು ಗುಂಡಿ ಬಿಚ್ಚಿಕೊಂಡು ಪಾಳಿಯಲ್ಲಿ ನಿಂತಿದ್ದ.