ಹೊಸ ಸಿಮೆಂಟು

ಸೋಮವಾರ ಬೆಳಿಗ್ಗೆ ಕಿತ್ತಳೆ ಸಿಪ್ಪೆಯ ಬಕೆಟ್ ಹಿಡಿದು ಕ್ಯಾಂಟೀನಿನ ಹಿಂದಕ್ಕೆ ಹೋದ ಏಳನೇ ತರಗತಿಯ ಮಕ್ಕಳಿಗೆ ಗೊಬ್ಬರದ ಗುಂಡಿ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಹೊಸದಾಗಿ ಸಿಮೆಂಟು ಹಾಕಿ, ಮೇಲೆ ಹಸಿರು ಕಾರ್ಪೆಟ್ ಹಾಸಿದ್ದರು. ಪಕ್ಕದ ಮೇಜಿನ ಮೇಲೆ ರಿಬ್ಬನ್ ಕಟ್ಟಿದ ಹನ್ನೆರಡು ಪೊಟ್ಟಣಗಳು. ಪ್ರತಿಯೊಂದಕ್ಕೂ ಚೀಟಿ: 'ನಮ್ಮ ಮಕ್ಕಳು ತಯಾರಿಸಿದ ಗೊಬ್ಬರ.'

"ಮ್ಯಾಮ್, ಯೇ ತೋ ಹಮಾರಾ ನಹೀ ಹೈ," ಎಂದಳು ಹರ್ಷಿಣಿ. ಗ್ರೇಟರ್ ನೋಯ್ಡಾದ ಆ ಶಾಲೆಯಲ್ಲಿ ಅವಳು ಕನ್ನಡ ಆಡುತ್ತಿದ್ದುದು, ಈಗ ಜೊತೆಗೆ ಬಂದಿದ್ದ ವಿಜ್ಞಾನದ ಟೀಚರ್ ದೇಚಮ್ಮನ ಜೊತೆ ಮಾತ್ರ. "ಇದು ನಮ್ದಲ್ಲ. ನಮ್ದರಲ್ಲಿ ಎರೆಹುಳ ಇತ್ತು. ನಮ್ದೆಲ್ಲಿ ಹೋಯ್ತು?"

ದೇಚಮ್ಮ ಒಂದು ಪೊಟ್ಟಣ ಬಿಚ್ಚಿ ನೋಡಿದಳು. ಜರಡಿ ಹಿಡಿದ ಒಣ ಪುಡಿ. ಮೇಜಿನ ಕೆಳಗೆ ನರ್ಸರಿಯ ಖಾಲಿ ಚೀಲಗಳು ಬಿದ್ದಿದ್ದವು. ನಾಲ್ಕು ತಿಂಗಳು ಈ ಮಕ್ಕಳು ಇಡೀ ಶಾಲೆಯ ಟಿಫಿನ್ ಕಸವನ್ನು ಕೈಯಾರೆ ಬೇರ್ಪಡಿಸಿದ್ದರು. ಬೇವಿನೆಲೆ ಗುಡಿಸಿ ತಂದಿದ್ದರು. ಹುಳ ಬಿದ್ದಾಗ ಮೂಗು ಮುಚ್ಚಿಕೊಂಡೇ ಗುಂಡಿ ಕೆದಕಿದ್ದರು. ಇನ್ನು ಹತ್ತು ದಿನ ಕಳೆದಿದ್ದರೆ ಗೊಬ್ಬರ ಸಿದ್ಧವಾಗುತ್ತಿತ್ತು.

ಅವಳು ನೇರವಾಗಿ ಪ್ರಿನ್ಸಿಪಾಲ್ ವೈಜಯಂತಿಯವರ ಕೋಣೆಗೆ ಹೋದಳು.

"ಹನ್ನೊಂದು ಗಂಟೆಗೆ ಹಸಿರು ಶಾಲೆ ಪ್ರಶಸ್ತಿಯವರು ಬರ್ತಾರೆ. ಅವರಿಗೆ ಆ ಕೊಳೆತದ್ದನ್ನ ತೋರಿಸ್ಲಾ?" ಎಂದು ಹಿಂದಿಯಲ್ಲಿ ಕೇಳಿದರು ವೈಜಯಂತಿ, ಸೆರಗು ಸರಿಮಾಡಿಕೊಳ್ಳುತ್ತ.

"ಕೊಳೆತರೇನೇ ಗೊಬ್ಬರ ಆಗೋದು, ಮ್ಯಾಮ್. ಮಕ್ಕಳ ಕೆಲಸದ ಮೇಲೆ ಸಿಮೆಂಟ್ ಸುರಿಸಿದ್ದೀರಿ."

"ಪ್ರಶಸ್ತಿ ಬಂದರೆ ಅದೂ ಮಕ್ಕಳದೇ ಅಲ್ವಾ? ಸ್ವಲ್ಪ ನಗ್ತಾ ನಿಂತ್ಕೊಳ್ಳಿ, ಅಷ್ಟು ಸಾಕು. ನಿಮ್ಮ ಕಾಂಟ್ರಾಕ್ಟ್ ಬೇರೆ ಮಾರ್ಚಿಗೆ ಮುಗಿಯುತ್ತೆ."

ದೇಚಮ್ಮ ನಗಲಿಲ್ಲ. ಆದರೆ ನಿಂತಳು. ಬಂದ ಹಿರಿಯ ತೀರ್ಪುಗಾರರು ಕಾರ್ಪೆಟ್ಟಿನ ನಡುವೆ ನಿಂತು ಒಂದು ಪೊಟ್ಟಣ ಎತ್ತಿಕೊಂಡು, ಮುಂದಿದ್ದ ಹರ್ಷಿಣಿಯನ್ನು ಹಿಂದಿಯಲ್ಲಿ ಕೇಳಿದರು: "ಬೇಟಾ, ಇದನ್ನು ಮಾಡೋಕೆ ಎಷ್ಟು ದಿನ ಹಿಡೀತು?"

ಹುಡುಗಿ ತನ್ನ ಟೀಚರ್ ಮುಖ ನೋಡಿದಳು. ದೇಚಮ್ಮ ತಲೆ ತಗ್ಗಿಸಿದಳು.

"ಗೊತ್ತಿಲ್ಲ ಸರ್. ಇದು ಅಂಗಡೀದು. ನಮ್ಮದು ನಿಮ್ಮ ಕಾಲ ಕೆಳಗಿದೆ."

ಮರುಕ್ಷಣ ವೈಜಯಂತಿ ಗಟ್ಟಿಯಾಗಿ ನಕ್ಕರು. "ಇವಳು ನಮ್ಮ ನಾಟಕ ತಂಡದವಳು, ಸರ್!" ತೀರ್ಪುಗಾರರು ಕಾಲ ಕೆಳಗೆ ನೋಡಿದರು, ಕಾರ್ಪೆಟ್ಟನ್ನು ಬೂಟಿನ ತುದಿಯಿಂದ ಒಮ್ಮೆ ಒತ್ತಿದರು. ಆಮೇಲೆ ಅವರೂ ನಕ್ಕರು. ಹಾಳೆಯಲ್ಲಿ ಏನೋ ಗುರುತು ಹಾಕಿ, ಪೊಟ್ಟಣವನ್ನು ಡ್ರೈವರ್ ಕೈಗೆ ಕೊಟ್ಟು, ಸೋಲಾರ್ ಫಲಕ ನೋಡಲು ಹೊರಟರು. ಮಕ್ಕಳು ಚಪ್ಪಾಳೆ ತಟ್ಟಬೇಕೆಂದು ಯಾರೋ ಸನ್ನೆ ಮಾಡಿದರು. ಏಳನೇ ತರಗತಿಯವರು ಕೈ ಎತ್ತಲಿಲ್ಲ.

ಕೊನೆಯ ಪೀರಿಯಡ್ಡಿನಲ್ಲಿ ದೇಚಮ್ಮನಿಗೆ ಕರೆ ಬಂತು. ಪ್ರಿನ್ಸಿಪಾಲರ ಮೇಜಿನ ಮೇಲೆ ಹರ್ಷಿಣಿಯ ಶಾಲಾ ಡೈರಿ ತೆರೆದಿತ್ತು. ಹುಡುಗಿ ಬಾಗಿಲ ಹೊರಗೆ ಗೋಡೆಗೆ ಆತು ನಿಂತಿದ್ದಳು. ಅತ್ತು ಅವಳ ಕಣ್ಣುಗಳು ಕೆಂಪಾಗಿದ್ದವು.

"ಬರೀರಿ," ವೈಜಯಂತಿ ಕೆಂಪು ಪೆನ್ನು ಮುಂದೆ ತಳ್ಳಿದರು. "ಅತಿಥಿಗಳ ಮುಂದೆ ಅಶಿಸ್ತು. ನಾಳೆ ಅಪ್ಪ ಅಮ್ಮ ಬಂದು ಕ್ಷಮೆ ಕೇಳ್ಬೇಕು. ನಿಮ್ಮ ಕೈಯಲ್ಲೇ ಬರೀರಿ, ನಿಮ್ಮ ಸ್ಟೂಡೆಂಟ್ ತಾನೆ?"

ದೇಚಮ್ಮ ಪೆನ್ನು ಕೈಗೆತ್ತಿಕೊಂಡಳು. ಎದುರಿಗಿದ್ದವರ ಮೇಲಿನ ಸಿಟ್ಟು ಎಷ್ಟು, ಬೆಳಿಗ್ಗೆ ತಲೆ ತಗ್ಗಿಸಿದ ತನ್ನ ಮೇಲಿನ ಸಿಟ್ಟು ಎಷ್ಟು, ಅವಳಿಗೇ ತಿಳಿಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಯಾರು ಬೇಕಾದರೂ ಓದಬಹುದಾದಷ್ಟು ದಪ್ಪ ಅಕ್ಷರಗಳಲ್ಲಿ ಬರೆದಳು:

'ಮಾನ್ಯ ಪೋಷಕರೇ, ನಿಮ್ಮ ಮಗಳು ಇಂದು ಅತಿಥಿಗಳ ಮುಂದೆ ನಿಜ ಹೇಳಿದ್ದಾಳೆ. ನಾನು ಹೇಳಲಿಲ್ಲ. ಓದಿ, ಸಹಿ ಮಾಡಿ ಕಳುಹಿಸಿ.'