ಪೈನ್ ಗುಡ್ಡದ ನೀರು

ಹೊಳೆಗೆ ವಿಷ ಹಾಕಿ ಮೀನು ಕೊಂದನೆಂದು ಊರು ಹೊರಹಾಕಿದ್ದ ಮಂಜಯ್ಯನ ಮನೆಯನ್ನು ಕೆಂಚೇಗೌಡರು ಎಷ್ಟೋ ವರ್ಷಗಳ ಮೇಲೆ ಹುಡುಕಿಕೊಂಡು ಬಂದರು. ಅಂದು ಪಂಚಾಯ್ತಿಯಲ್ಲಿ ತೀರ್ಪು ಕೊಟ್ಟವರು ಅವರೇ. ಮಂಜಯ್ಯ ಚಾಪೆ ಹಾಸಿದರೂ ಗೌಡರು ಕೂರಲಿಲ್ಲ.

“ಈ ಮಳೆಗಾಲದಲ್ಲೂ ಮೀನು ಸತ್ತು ತೇಲಿದ್ವು ಕಣೋ. ನಾವು ಬೆರಳು ತೋರ್ಸೋಕೆ ಈ ಸಲ ನೀನಿರ್ಲಿಲ್ಲ. ಅದಕ್ಕೇ ನೀರು ಪರೀಕ್ಷೆ ಮಾಡಿಸಿದ್ವಿ.”

“ಏನಂತೆ?”

“ಗುಡ್ಡದ ತುಂಬ ಪೈನ್ ಮರ ನೆಟ್ಟಿದ್ದಾರಲ್ಲ, ಅವುಗಳದ್ದೇ ಕೆಲಸವಂತೆ. ಅವು ಬೆಳೆದ ಹಾಗೆಲ್ಲ ಮಣ್ಣು ಹುಳಿಯಾಗುತ್ತಂತೆ. ಜೋರು ಮಳೆ ಬಂದಾಗ ಆ ಹುಳಿ ನೀರು ಮಣ್ಣಲ್ಲಿರೋ ಅಲ್ಯೂಮಿನಿಯಂ ಕರಗಿಸ್ಕೊಂಡು ಹೊಳೆಗಿಳಿಯುತ್ತೆ. ಮೀನು ಉಸಿರುಕಟ್ಟಿ ಸಾಯ್ತವೆ. ಅವತ್ತು ಆಗಿದ್ದೂ ಇದೇ. ಯಾರೂ ವಿಷ ಹಾಕಿರ್ಲಿಲ್ಲ, ಮಂಜಯ್ಯ.”

ಮಂಜಯ್ಯನ ಮನೆಯವರಿಗೆ ಯಾರೂ ನೀರು, ಬೆಂಕಿ ಕೊಡಕೂಡದೆಂದು ಅಂದು ತಾವೇ ಹೇಳಿದ್ದು ನೆನಪಾಗಿ ಗೌಡರು ಕೈ ಮುಗಿದರು.

“ನನ್ನಿಂದ ದೊಡ್ಡ ತಪ್ಪಾಯ್ತು. ಗಂಡ-ಹೆಂಡ್ತಿ ಇಬ್ರೂ ವಾಪಸ್ ಬಂದ್ಬಿಡಿ.”

ಕಾಫಿ ತಂದ ಸಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಪಕ್ಕದಲ್ಲಿ ನಿಂತಳು. ಮಂಜಯ್ಯ ಮಾತ್ರ ತಲೆ ಎತ್ತಲಿಲ್ಲ.

“ಒಂದು ಮಾತು ಹೇಳು,” ಎಂದರು ಗೌಡರು. “ಮಾಡದ ತಪ್ಪನ್ನ ಅವತ್ತು ಪಂಚಾಯ್ತಿಲಿ ಯಾಕೆ ಒಪ್ಕೊಂಡೆ?”

ಮಂಜಯ್ಯ ತಲೆ ಎತ್ತಿ ಹೆಂಡತಿಯ ಮುಖ ನೋಡಿದ.

“ಆ ದಿನ ಬೆಳಗ್ಗೆ ಇವಳು ಬ್ಲೀಚಿಂಗ್ ಪುಡಿ ಡಬ್ಬ ಹಿಡ್ಕೊಂಡು ಹೊಳೆ ಕಡೆಯಿಂದ ಬರೋದು ನೋಡಿದ್ದೆ, ಗೌಡ್ರೇ. ಇವತ್ತಿನ ತನಕ ಇವಳೇ ಅದನ್ನ ಹೊಳೆಗೆ ಹಾಕಿದ್ದು ಅಂದ್ಕೊಂಡಿದ್ದೆ.”