ಗಾಡಿಯಿಂದ ಕಾಣದ ಪರದೆ

"ಇದನ್ನೂ ಸ್ವಲ್ಪ ಎತ್ತಿ ಹಿಡೀರಿ" ಎಂದು ಅಂಗಡಿಯವನಿಗೆ ಹೇಳಿ ಶ್ರೀಕಂಠ ಮುಂಬಯಿಯ ದಾದರಿನ ಆ ಗಿಜಿಗುಡುವ ರಸ್ತೆಯನ್ನು ಮತ್ತೆ ದಾಟಿದ. ಆಚೆ ಫುಟ್‌ಪಾತಿನಲ್ಲಿ ನಿಂತು ಪರದೆ ಬಟ್ಟೆಯನ್ನು ನೋಡಿ, ಬೇಡವೆಂದು ಕೈ ಅಲ್ಲಾಡಿಸಿದ. ಹಳದಿ, ಹಸಿರು ಆಗಲೇ ಹೋಗಿದ್ದವು, ಈಗ ನೀಲಿಯೂ ಹೋಯಿತು. ಸಾಹೇಬರಿಗೆ ಬಿಸಿಲಲ್ಲೇ ಬಣ್ಣ ನೋಡಬೇಕೇನೋ ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿ ನಕ್ಕ. ಅಂಗಡಿಯಲ್ಲೇ ನಿಂತಿದ್ದ ಶ್ರೀಕಂಠನ ಹೆಂಡತಿ ಶಾಮಲಾಗೂ ಮೊದಲು ಹಾಗೇ ಅನ್ನಿಸಿತ್ತು.

ಆಮೇಲೆ ಹೊಳೆಯಿತು. ಮುಲುಂಡಿನ ಅವರ ಮನೆಯ ಕಿಟಕಿಗೂ ರೈಲು ಹಳಿಗೂ ಈ ರಸ್ತೆಯ ಅಗಲದಷ್ಟೇ ದೂರ. ಮನೆಯಲ್ಲಿ ಫೋನಿರಲಿಲ್ಲ. ಮಗಳು ಜ್ವರದಲ್ಲಿ ಮಲಗಿದ್ದ ಹನ್ನೊಂದು ದಿನವೂ ಅವನು ಆಫೀಸಿನಿಂದ ಬರುವಾಗ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಆ ಕಿಟಕಿ ನೋಡುತ್ತಿದ್ದ. ಕೆಂಪು ಪರದೆ ತೆರೆದಿದ್ದರೆ ಮಗು ಮನೆಯಲ್ಲಿದೆ, ಮುಚ್ಚಿದ್ದರೆ ನೇರ ಆಸ್ಪತ್ರೆಗೆ ಬನ್ನಿ ಎಂದು ಮಾತಾಗಿತ್ತು. ಹನ್ನೆರಡನೇ ದಿನ ಶಾಮಲಾ ಅದನ್ನು ಮುಚ್ಚಿ, ಮಗುವನ್ನೆತ್ತಿಕೊಂಡು ಓಡಿದ್ದಳು. ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ಬಣ್ಣದ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಅಂಗಡಿಯ ಮಾಸಲು ಗೋಡೆಯ ಬಣ್ಣದ್ದೇ ಒಂದನ್ನು ಹುಡುಕಿ ಎತ್ತಿ ಹಿಡಿಯಲು ಹೇಳಿದಳು. ತಾನೂ ರಸ್ತೆ ದಾಟಿ ಗಂಡನ ಪಕ್ಕ ನಿಂತಳು. ಗೋಡೆ ಯಾವುದು, ಬಟ್ಟೆ ಯಾವುದು, ಅವಳಿಗೇ ಗೊತ್ತಾಗಲಿಲ್ಲ.

"ಇದು ಕಾಣಲ್ಲ, ಅಲ್ವೇನ್ರೀ?"

ಅವನು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದ.

"ಕೆಂಪಗೇ ಕಾಣ್ತಿದೆ ಕಣೇ," ಎಂದ.